ನಡುಮನೆಯ ಹತ್ತನೆಯ ಸಾಲು

ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹುದ್ದೆಗೆ ಯಾರೂ ಅರ್ಜಿ ಹಾಕಿಕೊಳ್ಳುವುದಿಲ್ಲ. ಅದಕ್ಕೆ ಸಂದರ್ಶನವಿಲ್ಲ, ಆದೇಶ ಪತ್ರವಿಲ್ಲ, ನಿವೃತ್ತಿಯ ವಯಸ್ಸೂ ಇಲ್ಲ. ಒಂದು ಸಂಜೆ ಆರಾಮವಾಗಿ ಪೇಪರು ಹಿಡಿದು ಕೂತಿದ್ದಾಗ ಅಡುಗೆಮನೆಯಿಂದ ‘ರೀ, ಇವಳ ಲೆಕ್ಕ ಸ್ವಲ್ಪ ನೋಡ್ರಿ’ ಎಂಬ ಕೂಗು ಬರುತ್ತದೆ. ನೋಡಿದವನು ಕೆಟ್ಟ. ಅಂದಿನಿಂದ ಅದು ಅವನ ಖಾತೆ. ನಮ್ಮ ಮನೆಯ ಖಾತೆ ಹಂಚಿಕೆಯಲ್ಲಿ ಕನ್ನಡ, ಇಂಗ್ಲಿಷು, ಹಿಂದಿ, ಪರಿಸರ ಅಧ್ಯಯನ, ಛದ್ಮವೇಷದ ಬಟ್ಟೆಬರೆ, ವಾರ್ಷಿಕೋತ್ಸವದ ಕುಣಿತ ಎಲ್ಲವೂ ನನ್ನ ಹೆಂಡತಿ ಗಿರಿಜಾಳ ಪಾಲಿಗೆ ಹೋದವು. ಗಣಿತವೊಂದು ನನಗೆ ಉಳಿಯಿತು. ‘ನೀವು ಫಿಸಿಕ್ಸ್ ಲೆಕ್ಚರರ್ ಅಲ್ವಾ, ನಿಮಗೇನು ಕಷ್ಟ?’ ಎಂದಳು. ಪಿ.ಯು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನಿಗೆ ಲೆಕ್ಕ ಬರುತ್ತದೆಂದು ಜನ ನಂಬಿರುವುದು ನನ್ನಂಥವರ ಪುಣ್ಯ. ನಿಜ ಹೇಳುತ್ತೇನೆ, ನಾನು ವರ್ಷವರ್ಷವೂ ಅದೇ ಗೋಪುರದ ತುದಿಯಿಂದ ಅದೇ ಕಲ್ಲನ್ನು ಕೆಳಕ್ಕೆ ಬಿಡುತ್ತಿರುವವನು. ಅದು ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತದೆಂಬುದು ನನಗೆ ಬಾಯಿಪಾಠವಾಗಿದೆ. ಯಾರಾದರೂ ಗೋಪುರವನ್ನು ಸ್ವಲ್ಪ ಎತ್ತರ ಮಾಡಿಬಿಟ್ಟರೆ ನನಗೂ ಕ್ಯಾಲ್ಕ್ಯುಲೇಟರ್ ಬೇಕು.

ನನ್ನ ಮಗಳು ಅವನಿ ಐದನೆಯ ತರಗತಿಯಲ್ಲಿದ್ದಾಳೆ. ಅವಳಿಗೆ ಲೆಕ್ಕ ಕಲಿಸಲು ನಾನು ಒಂದು ಪದ್ಧತಿಯನ್ನು ರೂಢಿಸಿಕೊಂಡಿದ್ದೆ. ಮೊದಲು ಮೆತ್ತಗೆ ‘ಯೋಚನೆ ಮಾಡು’ ಎನ್ನುವುದು. ಆಮೇಲೆ ಸ್ವಲ್ಪ ಗಟ್ಟಿಯಾಗಿ ‘ಯೋಚನೆ ಮಾಡು’ ಎನ್ನುವುದು. ಕೊನೆಗೆ ಪಕ್ಕದ ಮನೆಯವರೂ ಯೋಚನೆ ಮಾಡುವಷ್ಟು ಗಟ್ಟಿಯಾಗಿ ಹೇಳುವುದು. ಶಿಕ್ಷಣ ತಜ್ಞರು ಇದಕ್ಕೆ ಯಾವ ಹೆಸರಿಟ್ಟಿದ್ದಾರೋ ತಿಳಿಯದು. ಅವನಿಯೂ ಕಡಿಮೆಯವಳಲ್ಲ, ತನ್ನದೇ ಒಂದು ಪದ್ಧತಿ ಕಂಡುಕೊಂಡಿದ್ದಳು. ಪುಸ್ತಕದ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತಾ ‘ಗುಣಿಸೋದಾ ಅಪ್ಪ?’ ಎನ್ನುವಳು. ನನ್ನ ಹುಬ್ಬು ಮೇಲೇರುವುದು. ‘ಅಲ್ಲ ಅಲ್ಲ, ಭಾಗಿಸೋದು’ ಎನ್ನುವಳು. ಹುಬ್ಬು ಕೆಳಗಿಳಿಯುವುದು. ಕೂಡಲೇ ಬರೆದುಬಿಡುವಳು. ‘ಭೇಷ್’ ಎಂದು ನಾನು ಬೆನ್ನು ತಟ್ಟುವೆ. ಒಮ್ಮೆ ನನಗೆ ಹುಬ್ಬಿನ ಮೇಲೆ ಕುರುವಾಗಿ ದೊಡ್ಡದೊಂದು ಪ್ಲಾಸ್ಟರು ಹಾಕಿಸಿಕೊಂಡು ಕೂತಿದ್ದೆ. ಅಂದು ಅವಳ ಒಂದು ಲೆಕ್ಕವೂ ಸರಿಯಾಗಲಿಲ್ಲ. ಆಗಲೂ ನನಗೆ ಹೊಳೆಯಲಿಲ್ಲ ನೋಡಿ. ಹೊಳೆದದ್ದು ಪರೀಕ್ಷೆಯ ಪೇಪರು ಕೈಗೆ ಬಂದ ಮೇಲೆ. ಪರೀಕ್ಷೆಯ ಕೋಣೆಗೆ ನನ್ನ ಹುಬ್ಬುಗಳನ್ನು ಬಿಟ್ಟಿರಲಿಲ್ಲ.

‘ಹೊಸಮನೆ ಬಡಾವಣೆಯಲ್ಲಿ ಒಬ್ರು ಮೇಡಂ ಇದ್ದಾರಂತೆ, ಲೆಕ್ಕದ ಟ್ಯೂಷನ್ ಚೆನ್ನಾಗಿ ಮಾಡ್ತಾರಂತೆ’ ಎಂದಳು ಗಿರಿಜಾ, ಪೇಪರನ್ನು ಟಿ.ವಿ.ಯ ಪಕ್ಕದಲ್ಲಿಡುತ್ತಾ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾದ ಮಾಡಬಹುದಿತ್ತು. ನನಗೆ ನಿಜಕ್ಕೂ ಅವಮಾನವಾಯಿತು. ಟ್ಯೂಷನ್ ಹಾವಳಿಯ ವಿರುದ್ಧ ಸ್ಟಾಫ್ ರೂಮಿನಲ್ಲಿ ಅತಿ ಹೆಚ್ಚು ಮಾತಾಡಿದವನು ನಾನೇ. ಈಗ ನನ್ನ ಮಗಳೇ ಬ್ಯಾಗು ಹೊತ್ತು ರವೀಂದ್ರನಗರದಿಂದ ಹೊಸಮನೆಗೆ ಹೋಗಿ, ಅಲ್ಲಿ ಗೇಟಿನೊಳಗೆ ರಾಶಿ ಬಿದ್ದ ಚಪ್ಪಲಿಗಳ ಪಕ್ಕ ತನ್ನದನ್ನೂ ಬಿಟ್ಟು, ಮಗ್ಗಿ ಹೇಳುವುದನ್ನು ನೆನೆದೇ ಬೆವರಿದೆ. ‘ಒಂದು ಅವಕಾಶ ಕೊಡು ಮಾರಾಯ್ತಿ’ ಎಂದೆ. ‘ಸರಿ, ಸ್ಕೂಲಲ್ಲಿ ಲೆಕ್ಕದ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅದನ್ನ ಅವಳು ತಾನೇ ಅರ್ಥ ಮಾಡ್ಕೊಂಡು ಮಾಡಿದ್ರೆ ಟ್ಯೂಷನ್ ಬೇಡ. ನೀವು ಮಾಡಿಕೊಟ್ರೆ ಮಾತ್ರ ಹೊಸಮನೆ’ ಎಂದಳು. ನನ್ನ ಹುದ್ದೆ ಈ ಒಂದು ಪ್ರಾಜೆಕ್ಟಿನ ಮೇಲೆ ನಿಂತಿತು.

ಪ್ರಾಜೆಕ್ಟು ಕೇಳಲು ಬಹಳ ಸುಲಭ. ನಿಮ್ಮ ಮನೆಯ ಒಂದು ಕೋಣೆಯನ್ನು ಅಳೆಯಿರಿ, ನಕ್ಷೆ ಬರೆಯಿರಿ, ವಿಸ್ತೀರ್ಣ ಕಂಡುಹಿಡಿಯಿರಿ, ಒಂದು ಅಡಿ ಉದ್ದ ಒಂದು ಅಡಿ ಅಗಲದ ಎಷ್ಟು ಟೈಲ್ಸ್ ಬೇಕು ಹೇಳಿ. ಮೀಟರಿನಲ್ಲಿ ಕೊಟ್ಟರೆ ಪೋಷಕರು ಒಬ್ಬರಾದ ಮೇಲೊಬ್ಬರು ಫೋನು ಮಾಡುತ್ತಾರೆಂದು ಶಾಲೆಯ ಮೇಡಂ ಅಡಿಯ ಲೆಕ್ಕದಲ್ಲೇ ಕೊಟ್ಟಿದ್ದರು. ನಮ್ಮದು ಹಳೆಯ ಮನೆ, ಬೇರೆಯವರು ಕಟ್ಟಿಸಿದ್ದನ್ನು ನಾವು ಕೊಂಡದ್ದು. ನಡುಮನೆಯ ನೆಲಕ್ಕೆ ಹಿಂದಿನ ಕಾಲದ ಮೊಸಾಯಿಕ್ ಟೈಲ್ಸ್ ಇವೆ, ಒಂದೊಂದೂ ಸರಿಯಾಗಿ ಒಂದಡಿ. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವಳೇ ಅವನಿ ಟೇಪು ಹಿಡಿದು ನೆಲದ ಮೇಲೆ ಕೂತಳು. ನಾನು ಕಿಟಕಿಯ ಕೆಳಗೆ, ಗೋಡೆಗೆ ಒತ್ತಿಕೊಂಡಿರುವ ನನ್ನ ಬೆತ್ತದ ಕುರ್ಚಿಯಲ್ಲಿ ತುಟಿ ಬಿಗಿದು ಕೂತೆ. ‘ಯೋಚನೆ ಮಾಡು’ ಎಂಬ ಮಾತು ಬಾಯಿಯವರೆಗೆ ಬಂದು ವಾಪಸು ಹೋಯಿತು. ಟೇಪಿನಲ್ಲಿ ಅಳೆದದ್ದು ಸಾಲದೆಂದು ಅವಳು ಟೈಲ್ಸುಗಳನ್ನೇ ಎಣಿಸಿದಳು. ಆ ಕಡೆಯಿಂದ ಹದಿನೈದು, ಈ ಕಡೆಯಿಂದ ಹತ್ತು. ‘ಅಪ್ಪ, ಕಾಲೆತ್ತು’ ಎಂದು ನನ್ನ ಕುರ್ಚಿಯ ಕೆಳಗಿನ ಹತ್ತನೆಯ ಸಾಲನ್ನೂ ಬಗ್ಗಿ ನೋಡಿ ಎಣಿಸಿದಳು. ಆಮೇಲೆ ಸುಮ್ಮನೆ ನೆಲವನ್ನೇ ಒಂದಿಷ್ಟು ಹೊತ್ತು ನೋಡಿದಳು. ‘ಒಂದು ಸಾಲಲ್ಲಿ ಹದಿನೈದು. ಅಂಥವು ಹತ್ತು ಸಾಲು. ನೂರೈವತ್ತು! ಅಪ್ಪ, ಅದಕ್ಕೇ ಗುಣಿಸೋದು!’ ಎಂದು ಕಿರುಚಿದಳು. ಹೇಳುವಾಗ ನನ್ನ ಮುಖದ ಕಡೆ ಒಮ್ಮೆಯೂ ನೋಡಿರಲಿಲ್ಲ. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ! ಕನ್ನಡಕ ತೆಗೆದು ಒರೆಸಿಕೊಂಡೆ. ಅವಳು ನಕ್ಷೆಯಲ್ಲಿ ಟೈಲ್ಸಿನ ಗೆರೆಗಳನ್ನೂ ಎಳೆದು, ಕೆಳಗೆ ಚಂದದ ಅಕ್ಷರದಲ್ಲಿ ಹದಿನೈದು ಗುಣಿಸು ಹತ್ತು, ನೂರೈವತ್ತು ಚದರ ಅಡಿ ಎಂದು ಬರೆದಳು. ಎಲ್ಲ ಅಲ್ಲಿಗೇ ನಿಂತಿದ್ದರೆ ಈ ಪ್ರಬಂಧಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಆದರೆ ಶನಿವಾರ ಸಂಜೆಯ ಬಸ್ಸಿಗೆ ಭದ್ರಾವತಿಯಿಂದ ನಮ್ಮ ಮಾವ ಬರುತ್ತಾರೆ.

ಮಾವ ಹಾಲೇಶಪ್ಪನವರು ಭದ್ರಾವತಿ ಹಳೇನಗರದವರು. ಕಾರ್ಖಾನೆಯಲ್ಲಿ ಎರಕಕ್ಕೆ ಮರದ ಅಚ್ಚು ಮಾಡುವ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರ ಕಾಲದಲ್ಲಿ ಅಚ್ಚಿನಲ್ಲಿ ಒಂದು ಸೂತು, ಅಂದರೆ ಇಂಚಿನ ಎಂಟನೆಯ ಒಂದು ಪಾಲು, ಹೆಚ್ಚುಕಡಿಮೆಯಾದರೆ ಮಾಡಿದವನ ಮುಂದೆಯೇ ಅದನ್ನು ಒಲೆಗೆ ಹಾಕಿಸುತ್ತಿದ್ದರಂತೆ. ಈಗಲೂ ಅವರಿಗೆ ನಮ್ಮ ಮನೆಯ ಗೋಡೆಯ ಕ್ಯಾಲೆಂಡರು ಸೊಟ್ಟಗಿದ್ದರೆ ಕಾಫಿ ಇಳಿಯುವುದಿಲ್ಲ. ನಿವೃತ್ತಿಯ ಮೇಲೆ ಹೊತ್ತು ಕಳೆಯಲು ಅವರು ಹಿಡಿದದ್ದು ವಾಸ್ತುವನ್ನು, ಅದರಲ್ಲೂ ಮನೆಯ ಆಯ ನೋಡುವುದನ್ನು. ಆಯ ಎಂದರೆ ನಮ್ಮ ಕಡೆ ಮನೆ ಕಟ್ಟಿಸಿದವರಿಗೆಲ್ಲ ಗೊತ್ತು. ಕೋಣೆಯ ಉದ್ದವನ್ನು ಅಗಲದಿಂದ ಗುಣಿಸಬೇಕು, ಬಂದದ್ದನ್ನು ಒಂಬತ್ತರಿಂದ ಗುಣಿಸಬೇಕು, ಅದನ್ನು ಎಂಟರಿಂದ ಭಾಗಿಸಬೇಕು. ಭಾಗಿಸಿ ಬಂದದ್ದನ್ನು ಯಾರೂ ಕೇಳುವುದಿಲ್ಲ. ಉಳಿದ ಶೇಷವೇ ಮನೆಯವರ ಹಣೆಬರಹ. ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ವೃಷಭ, ಏಳು ಆನೆ. ಇವೆಲ್ಲ ಒಳ್ಳೆಯವು. ಎರಡು ಉಳಿದರೆ ಹೊಗೆ, ನಾಲ್ಕು ನಾಯಿ, ಆರು ಕತ್ತೆ, ಏನೂ ಉಳಿಯದಿದ್ದರೆ ಕಾಗೆ. ಇವು ಆಗಬಾರದವು.

ಮೊಮ್ಮಗಳ ನಕ್ಷೆಯನ್ನು ಮಾವ ಕನ್ನಡಕ ಏರಿಸಿಕೊಂಡು ನೋಡಿದರು. ‘ಗೆರೆ ಬಹಳ ನೀಟಾಗಿದೆ ಕಣಮ್ಮ’ ಎಂದರು. ಮರುಕ್ಷಣ ಅವರ ಬೆರಳುಗಳು ಗಾಳಿಯಲ್ಲಿ ಲೆಕ್ಕ ಹಾಕತೊಡಗಿದವು. ನೂರೈವತ್ತು ಒಂಬತ್ತಲೆ ಸಾವಿರದ ಮುನ್ನೂರ ಐವತ್ತು, ಅದನ್ನು ಎಂಟರಿಂದ ಭಾಗಿಸಿದರೆ... ಕಾಫಿಯ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. ‘ಗಿರಿಜಾ, ಬಾ ಇಲ್ಲಿ. ಆರು ಉಳೀತದೆ. ಖರಾಯ ಇದು. ಕತ್ತೆ.’

ಅಡುಗೆಮನೆಯಲ್ಲಿ ಏನೋ ದಡಾರನೆ ಬಿದ್ದಿತು. ಆ ಸಂಜೆಯಷ್ಟು ಬೇಗ ನಮ್ಮ ಮನೆಯ ಚರಿತ್ರೆಯನ್ನು ಯಾರೂ ತಿರುಗಿಸಿ ಬರೆದದ್ದಿಲ್ಲ. ಮಿಕ್ಸಿ ಸುಟ್ಟದ್ದು, ಗಿರಿಜಾಳ ಮಂಡಿನೋವು, ನನ್ನ ಹುಬ್ಬಿನ ಕುರು, ಸಂಪಿಗೆ ಗಿಡ ಹೂ ಬಿಡದೆ ನಿಂತಿರುವುದು, ಪಕ್ಕದ ಮನೆಯವರು ನಮ್ಮ ಗೇಟಿನ ಎದುರೇ ಕಾರು ನಿಲ್ಲಿಸುವುದು, ಎಲ್ಲವೂ ಒಂದಾದ ಮೇಲೊಂದು ಬಂದು ಕತ್ತೆಯ ಬೆನ್ನೇರಿ ಕೂತವು. ‘ಇವಳಿಗೆ ಲೆಕ್ಕ ಹತ್ತದೆ ಇರೋದೂ ಇದಕ್ಕೇ ಇರಬೇಕು’ ಎಂದಳು ಗಿರಿಜಾ. ಅದೇ ಮಧ್ಯಾಹ್ನ ನೂರೈವತ್ತು ಎಂದು ಕಿರುಚಿದ ಹುಡುಗಿ ಅಲ್ಲೇ ನಿಂತಿದ್ದಳು. ಅವಳಿಗೆ ಈ ಮಾತು ಕೇಳಿಸಿದಂತಿರಲಿಲ್ಲ, ಅಜ್ಜನ ಲೆಕ್ಕವನ್ನೇ ಪುಸ್ತಕದ ಹಿಂದೆ ಬರೆದು ನೋಡುತ್ತಿದ್ದಳು. ‘ಅಜ್ಜ, ಒಂಬತ್ತರಿಂದ ಯಾಕೆ ಗುಣಿಸ್ಬೇಕು?’ ಎಂದಳು.

‘ಶಾಸ್ತ್ರ ಕಣಮ್ಮ ಅದು.’

‘ಗುಣಿಸದೇ ಇದ್ರೂ ಅಷ್ಟೇ ಬರುತ್ತಲ್ಲ. ನೂರೈವತ್ತನ್ನ ಸುಮ್ನೆ ಎಂಟರಿಂದ ಭಾಗಿಸಿದ್ರೂ ಆರೇ ಉಳಿಯುತ್ತೆ. ಒಂಬತ್ತು ಅಂದ್ರೆ ಎಂಟು ಪಾಲು, ಮೇಲೊಂದು ಪಾಲು. ಆ ಎಂಟು ಪಾಲನ್ನ ಎಂಟರಿಂದ ಭಾಗಿಸಿದ್ರೆ ಪೂರ್ತಿ ಹೋಗುತ್ತೆ. ಉಳಿಯೋದು ಮೊದಲಿನ ಒಂದೇ ಪಾಲು. ಒಂಬತ್ತರಿಂದ ಗುಣಿಸಿದ್ರೆ ಸಂಖ್ಯೆ ದೊಡ್ಡದಾಗಿ ಕಾಣುತ್ತೆ ಅಷ್ಟೇ, ಉಳಿಯೋದು ಮಾತ್ರ ಅದೇ.’

ಮಾವ ಪುಸ್ತಕವನ್ನು ಎಳೆದುಕೊಂಡು ಅವಳ ಲೆಕ್ಕವನ್ನು ತಾವೂ ಮಾಡಿ ನೋಡಿದರು. ಊರಿನ ಅರ್ಧ ಮನೆಗಳಿಗೆ ಆಯ ನೋಡಿದವರು, ಅಷ್ಟೂ ಮನೆಗಳಿಗೆ ಒಂಬತ್ತರಿಂದ ಗುಣಿಸಿದವರು. ನಾನೂ ಮನಸ್ಸಿನಲ್ಲೇ ಬೇರೆ ಬೇರೆ ಸಂಖ್ಯೆ ಹಾಕಿ ನೋಡಿದೆ. ಹುಡುಗಿ ಹೇಳಿದ್ದು ಸರಿ. ಇದು ನನಗೆ ಹಿಂದೆ ಹೊಳೆದಿರಲಿಲ್ಲವೆಂಬುದನ್ನು ಮುಖದಲ್ಲಿ ತೋರಿಸಿಕೊಳ್ಳದೆ, ಎಲ್ಲ ಮೊದಲೇ ತಿಳಿದವನ ಹಾಗೆ ತಲೆದೂಗಿದೆ. ಮೇಷ್ಟ್ರ ಕೆಲಸದಲ್ಲಿ ಇದೊಂದು ಅಭ್ಯಾಸ ಚೆನ್ನಾಗಿ ಆಗಿಬಿಡುತ್ತದೆ.

ನನ್ನ ವಿಚಾರವಾದದ ಬಗ್ಗೆ ಇಲ್ಲಿ ಎರಡು ಮಾತು ಹೇಳದಿದ್ದರೆ ನಿಮಗೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ವೈಜ್ಞಾನಿಕ ಮನೋಭಾವದ ಮೇಲೆ ಭಾಷಣವಾಗಬೇಕಾದರೆ ನನ್ನನ್ನೇ ಕರೆಯುವುದು ವಾಡಿಕೆ. ಗ್ರಹಣದ ದಿನ ಕಾಲೇಜಿನ ಅಂಗಳದಲ್ಲಿ ನಿಂತು, ಹುಡುಗರೆಲ್ಲ ನೋಡುವ ಹಾಗೆ ಮಂಡಕ್ಕಿ ತಿಂದವನು ನಾನು. ಮನೆಗೆ ಬಂದ ಮೇಲೆ ತಲೆಗೆ ನೀರು ಹಾಕಿಕೊಂಡೆನೆಂಬುದೂ ನಿಜ. ಅದು ಗ್ರಹಣಕ್ಕೆ ಹೆದರಿ ಅಲ್ಲ, ಗಿರಿಜಾ ಬಾಗಿಲಲ್ಲೇ ಬಕೆಟ್ಟು ಇಟ್ಟುಕೊಂಡು ನಿಂತಿದ್ದಳು. ಹೀಗಾಗಿ ಮಾವನ ಕತ್ತೆಯನ್ನು ಓಡಿಸುವುದು ನನ್ನ ಕರ್ತವ್ಯವೆನಿಸಿತು. ಎದ್ದು ನಿಂತೆ. ಎಂಟರಿಂದ ಭಾಗಿಸಿದರೆ ಏನಾದರೂ ಒಂದು ಉಳಿಯಲೇಬೇಕು, ಅದಕ್ಕೂ ಮಿಕ್ಸಿಗೂ ಸಂಬಂಧವಿಲ್ಲ, ಅಡಿಯೆಂಬುದೇ ಮನುಷ್ಯರು ಮಾಡಿಕೊಂಡ ಅಳತೆ, ಇದೇ ಕೋಣೆಯನ್ನು ಮೀಟರಿನಲ್ಲಿ ಅಳೆದರೆ ಕತ್ತೆಯೇ ಬೇರೆ ಪ್ರಾಣಿಯಾಗುತ್ತದೆ ಎಂದು ಚೆನ್ನಾಗಿ ವಿವರಿಸಿದೆ. ಯಾರೂ ಕೇಳುತ್ತಿರಲಿಲ್ಲ. ಗಿರಿಜಾ ಅಪ್ಪನ ಕಡೆ ತಿರುಗಿ ‘ಏನಾಗುತ್ತಂತಪ್ಪ ಖರಾಯ ಇದ್ರೆ?’ ಎಂದು ಕೇಳಿದಳು. ಮಾವ ಒಂದು ಸಲ ನನ್ನ ಕಡೆ ನೋಡಿ, ಸಂಕೋಚದಿಂದ ದನಿ ತಗ್ಗಿಸಿದರು. ‘ಅಂಥದ್ದೇನಿಲ್ಲ. ಮನೆ ಯಜಮಾನನ ಮಾತಿಗೆ ಬೆಲೆ ಇರಲ್ಲ ಅಂತಾರೆ, ಅಷ್ಟೇಯ.’

ನಾನು ಕೂತೆ. ಸತ್ಯ ಇಷ್ಟು ಹತ್ತಿರಕ್ಕೆ ಬಂದು ಮುಟ್ಟಿದಾಗ ಯಾವ ವಿಚಾರವಾದಿಯಾದರೂ ಸ್ವಲ್ಪ ಕೂರಬೇಕಾಗುತ್ತದೆ. ಈ ಮನೆಗೆ ಬಂದಾಗಿನಿಂದ ನನ್ನ ಯಾವ ಮಾತು ನಡೆದಿದೆ? ಕಿಟಕಿಗೆ ನೀಲಿ ಬಣ್ಣ ಎಂದೆ, ಕಂದು ಬಂತು. ನಾಯಿ ಸಾಕೋಣವೆಂದೆ, ಮೀನಿನ ತೊಟ್ಟಿ ಬಂತು. ‘ಯೋಚನೆ ಮಾಡು’ ಎಂದು ಇಷ್ಟು ದಿನದಿಂದ ಗಂಟಲು ಹರಿದುಕೊಂಡಿದ್ದೇನೆ, ಮಗಳು ಹುಬ್ಬು ನೋಡಿದಳೇ ಹೊರತು ಮಾತು ಕೇಳಲಿಲ್ಲ. ‘ಹೆದರೋದೇನೂ ಬೇಡ ಅಳಿಯಂದ್ರೇ’ ಎಂದು ಮಾವ ಸಮಾಧಾನ ಮಾಡಿದರು. ‘ಒಂದಡಿ ಕಮ್ಮಿ ಹಿಡಿದ್ರೆ ಹದಿನೈದು ಒಂಬತ್ತಲೆ ನೂರ ಮೂವತ್ತೈದು. ಏಳು ಉಳೀತದೆ, ಗಜಾಯ. ಕಿಟಕಿ ಕೆಳಗೆ ಒಂದಡಿ ಕಟ್ಟೆ ಕಟ್ಟಿಸಿಬಿಟ್ರೆ ಆಯ್ತು. ಸದ್ಯಕ್ಕೆ ಪೇಪರಲ್ಲಿ ಒಂಬತ್ತು ಅಂತ ಬರೆದಿಡಿ, ಸಂಕಲ್ಪ ಅಂತ ಆಗ್ತದೆ.’ ಅಚ್ಚಿನಲ್ಲಿ ಒಂದು ಸೂತು ತಪ್ಪಿದರೆ ಒಲೆಗೆ ಹಾಕಿಸುತ್ತಿದ್ದ ಮನುಷ್ಯ ಈಗ ಇಡೀ ಒಂದು ಅಡಿಯನ್ನು ಕೈಬಿಡಲು ತಯಾರಾಗಿದ್ದರು. ಕೋಣೆ ಒಂದಡಿ ಕುಗ್ಗಿದರೆ ಒಳಗೆ ಆನೆ ಬರುತ್ತದಂತೆ! ನಾನು ಜೋರಾಗಿ ನಕ್ಕೆ. ‘ಇದು ಮಗುವಿನ ಲೆಕ್ಕ ಮಾವ, ಇದರಲ್ಲಿ ಕೈ ಹಾಕೋದು ಬೇಡ’ ಎಂದೆ. ನನ್ನ ಆ ಮಾತು ನನಗೇ ಬಹಳ ಹಿಡಿಸಿತು.

ಮರುದಿನ ಭಾನುವಾರ. ಮಾವ ಸ್ನಾನಕ್ಕೆ ಹೋಗಿದ್ದರು, ಗಿರಿಜಾ ಹಿತ್ತಲಲ್ಲಿದ್ದಳು, ಅವನಿ ಪಕ್ಕದ ಮನೆಗೆ ಆಡಲು ಹೋಗಿದ್ದಳು. ಪ್ರಾಜೆಕ್ಟಿನ ಹಾಳೆ ಮೇಜಿನ ಮೇಲಿತ್ತು. ಅದರ ಪಕ್ಕದಲ್ಲಿ ರಬ್ಬರೂ ಇತ್ತು. ನನಗೆ ನಂಬಿಕೆಯಿತ್ತೆಂದು ದಯವಿಟ್ಟು ತಿಳಿಯಬೇಡಿ. ಲಸಿಕೆ ಹಾಕಿಸಿಕೊಳ್ಳುವವನು ರೋಗವನ್ನು ಪೂಜಿಸುತ್ತಾನೆಯೇ? ಇದೂ ಅಂಥದ್ದೇ ಒಂದು ಮುನ್ನೆಚ್ಚರಿಕೆ. ಮೇಲಾಗಿ ಎಲ್ಲ ಅಳತೆಯಲ್ಲೂ ದೋಷವಿರುತ್ತದೆಂದು ಭೌತಶಾಸ್ತ್ರವೇ ಹೇಳುತ್ತದೆ. ಮೊದಲ ಪಾಠದಲ್ಲೇ ಇದೆ. ನಾನು ಹತ್ತನ್ನು ಅಳಿಸಿ ಒಂಬತ್ತು ಮಾಡಿದೆ, ನೂರೈವತ್ತನ್ನು ಅಳಿಸಿ ನೂರ ಮೂವತ್ತೈದು ಮಾಡಿದೆ, ನಕ್ಷೆಯ ಕೊನೆಯ ಸಾಲನ್ನೂ ಅಳಿಸಿದೆ. ಅವಳ ಅಕ್ಷರದ ಹಾಗೇ ಬರೆಯಲು ನಾಲಗೆ ಸ್ವಲ್ಪ ಹೊರಗೆ ಚಾಚಬೇಕಾಯಿತು. ತಲೆಯೆತ್ತಿದರೆ ಬಾಗಿಲಲ್ಲಿ ಅವನಿ.

ಅವಳು ಹಾಳೆಯನ್ನು ನೋಡಿದಳು, ನೆಲವನ್ನು ನೋಡಿದಳು. ‘ಅಪ್ಪ, ಹಾಗಾದ್ರೆ ಆ ಕೊನೇ ಸಾಲಿನ ಟೈಲ್ಸ್ ಯಾರ ಮನೇದು?’

‘ಅದು... ಅಂದಾಜು ಅಂತ ಒಂದಿರುತ್ತೆ ಪುಟ್ಟಿ. ದೊಡ್ಡ ಕ್ಲಾಸಲ್ಲಿ ಬರುತ್ತೆ.’

‘ನಾನು ಎಣಿಸಿದ್ದು ತಪ್ಪಾ?’ ಎಂದಳು. ಕೇಳಿ ನನ್ನ ಮುಖವನ್ನೇ ನೋಡತೊಡಗಿದಳು. ಎರಡೂ ಹುಬ್ಬುಗಳನ್ನು, ಒಂದಾದ ಮೇಲೊಂದು. ನೆಲವನ್ನು ನೋಡಿ ಲೆಕ್ಕ ಕಲಿತಿದ್ದ ಮಗು ಮತ್ತೆ ನನ್ನ ಹುಬ್ಬಿಗೇ ವಾಪಸು ಬಂದಿತ್ತು. ‘ತಪ್ಪಲ್ಲ, ನಿನ್ನದೇ ಸರಿ’ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಿತ್ತಲಿಂದ ಬಂದ ಗಿರಿಜಾ ಹಾಳೆಯನ್ನು ನೋಡಿ, ‘ಅಯ್ಯೋ, ಒಂಬತ್ತು ಮಾಡಿದ್ರಾ? ಎಷ್ಟು ಒಳ್ಳೇದಾಯ್ತು! ಒಂದೊಂದು ಸಲ ನೀವು ನಿಜವಾಗ್ಲೂ ಬುದ್ಧಿವಂತರ ಹಾಗೆ ನಡ್ಕೊಳ್ತೀರಿ’ ಎಂದಳು. ಮದುವೆಯಾದಂದಿನಿಂದ ಇಂಥ ಮಾತು ಬಿದ್ದದ್ದು ಅಪರೂಪ. ಗಜಾಯದ ಪ್ರಭಾವ ಆಗಲೇ ಶುರುವಾಯಿತೇನೋ ಎನಿಸಿತು. ಬಾಯಿ ಮುಚ್ಚಿಕೊಂಡೆ. ಅವನಿ ಹಾಳೆಯನ್ನು ತೆಗೆದು ಬ್ಯಾಗಿನೊಳಗಿಟ್ಟು ಮತ್ತೆ ಆಡಲು ಹೋದಳು.

ತರಗತಿಯ ಪೋಷಕರದೊಂದು ವಾಟ್ಸಾಪ್ ಗುಂಪಿದೆ. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಎಲ್ಲರೂ ತನ್ಮಯ್ ಅಮ್ಮ, ಧ್ರುವ ಅಪ್ಪ ಇತ್ಯಾದಿ. ಮಕ್ಕಳ ಮನೆಗೆಲಸವನ್ನು ಪೋಷಕರು ಪರಸ್ಪರ ನೋಡಿಕೊಂಡು ಬರೆಯುವುದಕ್ಕೆಂದು ಹುಟ್ಟಿದ ಗುಂಪು ಅದು. ನಾವು ಓದುವಾಗ ಇದಕ್ಕೆ ಕಾಪಿ ಹೊಡೆಯುವುದು ಎನ್ನುತ್ತಿದ್ದರು, ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಗಿರಿಜಾ ಆ ಗುಂಪಿಗೆ, ‘ನಮ್ಮ ಹಾಲ್ ಗಜಾಯ ಬಂತು. ನಮ್ಮ ತಂದೆ ಬಂದಿದ್ದಾರೆ, ನಾಳೆ ಬೆಳಿಗ್ಗೆವರೆಗೆ ಇರ್ತಾರೆ. ಬೇಕಾದವರು ಅಳತೆ ಕಳಿಸಿ’ ಎಂದು ಹಾಕಿದಳು. ಆಮೇಲೆ ಅವಳ ಫೋನು ಕೆಳಗಿಳಿಯಲಿಲ್ಲ. ಮಾವ ನನ್ನ ಬೆತ್ತದ ಕುರ್ಚಿಯಲ್ಲಿ ಕೂತು, ‘ಹೇಳಿ ತಾಯಿ, ಎಷ್ಟು? ಹನ್ನೆರಡು ಹದಿನಾಲ್ಕಾ? ಛೆ ಛೆ, ಕಾಗೆ ಅದು. ಹನ್ನೊಂದು ಹದಿಮೂರು ಅಂತ ಬರೀರಿ, ಆನೆ ಬರ್ತದೆ’ ಎಂದು ಶಿವಮೊಗ್ಗದ ಮನೆಗಳನ್ನು ಒಂದೊಂದಾಗಿ ಕೊರೆದರು. ಪಾಪ, ಒಂಬತ್ತರಿಂದ ಗುಣಿಸುವುದನ್ನು ಮಾತ್ರ ಬಿಟ್ಟಿದ್ದರು. ‘ನಮ್ಮ ಅವನಿ ಹೇಳಿಕೊಟ್ಟ ಶಾರ್ಟ್‌ಕಟ್ಟು’ ಎಂದು ಪ್ರತಿಯೊಬ್ಬರಿಗೂ ಹೆಮ್ಮೆಯಿಂದ ಹೇಳುತ್ತಿದ್ದರು.

ಮುಂದಿನ ಶನಿವಾರ ಶಾಲೆಯಲ್ಲಿ ಪೋಷಕರ ಸಭೆ. ಗಣಿತದ ರೂಪಾ ಮೇಡಂ ಚಿಕ್ಕ ವಯಸ್ಸಿನವರು, ನಮ್ಮ ಊರಿಗೆ ಹೊಸಬರು. ಪ್ರಾಜೆಕ್ಟಿನ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ನಿಂತಿದ್ದರು. ‘ನಂಗೊಂದು ಅರ್ಥ ಆಗ್ತಿಲ್ಲ’ ಎಂದರು. ‘ಇಡೀ ಕ್ಲಾಸಿನ ಮನೆಗಳಲ್ಲಿ ಉದ್ದಾನೂ ಬೆಸ ಸಂಖ್ಯೆ, ಅಗಲಾನೂ ಬೆಸ ಸಂಖ್ಯೆ. ಸಮ ಸಂಖ್ಯೆ ಹುಡುಕಿದ್ರೂ ಸಿಗ್ತಿಲ್ಲ. ಒಂದೇ ಅಪಾರ್ಟ್‌ಮೆಂಟಲ್ಲಿ ಮೇಲಿನ ಮನೆ ಹಾಲೇ ಬೇರೆ ಅಳತೆ, ಅದರ ಕೆಳಗಿನ ಮನೆ ಹಾಲೇ ಬೇರೆ ಅಳತೆ. ಮೇಲಿನ ಗೋಡೆ ಯಾವುದರ ಮೇಲೆ ನಿಂತಿದೆಯೋ ದೇವರಿಗೇ ಗೊತ್ತು.’ ಸಭೆಯಲ್ಲಿ ಎಲ್ಲರೂ ಫ್ಯಾನಿನ ಕಡೆ ನೋಡಿದರು. ತನ್ಮಯ್ ಅಮ್ಮ ಬ್ಯಾಗಿನಲ್ಲಿ ಏನನ್ನೋ ಹುಡುಕತೊಡಗಿದರು.

‘ಒಬ್ಬಳದ್ದು ಮಾತ್ರ ಸಮ ಸಂಖ್ಯೆ’ ಎಂದು ಮೇಡಂ ಒಂದು ಹಾಳೆಯನ್ನು ಎತ್ತಿ ಹಿಡಿದರು. ಆ ಅಕ್ಷರ ನನಗೆ ಚೆನ್ನಾಗಿ ಗೊತ್ತು. ಹದಿನೈದು ಗುಣಿಸು ಹತ್ತು, ನೂರೈವತ್ತು. ಅಳಿಸಿದ್ದ ಹತ್ತನೆಯ ಸಾಲು ಪೆನ್ಸಿಲಿನ ದಪ್ಪ ಗೆರೆಯಲ್ಲಿ ಮತ್ತೆ ಬಂದು ಕೂತಿತ್ತು. ‘ಇಲ್ಲಿ ನೋಡಿ, ರಬ್ಬರ್ ಉಜ್ಜಿ ಉಜ್ಜಿ ಪೇಪರ್ ತೂತಾಗೋಕೆ ಬಂದಿದೆ. ಮೊದಲು ಒಂಬತ್ತು ಅಂತ ಬರೆದಿದ್ದಾಳೆ, ಅನುಮಾನ ಬಂದು ಮತ್ತೆ ಅಳೆದಿದ್ದಾಳೆ, ಅಳಿಸಿ ಹತ್ತು ಮಾಡಿದ್ದಾಳೆ. ನಿಜವಾಗಿ ಅಳೆದವಳು ಅವನಿ ಒಬ್ಬಳೇ. ಇದು ಮನೆಯ ವಾತಾವರಣದಿಂದ ಬರೋದು. ಅವರ ತಂದೆ ವೈಜ್ಞಾನಿಕ ಮನೋಭಾವದ ಬಗ್ಗೆ ಎಲ್ಲಾ ಕಡೆ ಮಾತಾಡ್ತಾರಂತೆ. ಸಾರ್, ದಯವಿಟ್ಟು ಬಂದು ಎರಡು ಮಾತು ಹೇಳ್ಬೇಕು.’

ಎದ್ದು ನಿಂತು ನಿಜ ಹೇಳಿಬಿಡಲು ಒಳ್ಳೆಯ ಸಂದರ್ಭವಾಗಿತ್ತು ಎಂದು ನೀವು ಹೇಳಬಹುದು. ನೀವು ಮೈಕು ಹಿಡಿದವರಲ್ಲ. ಮೈಕು ಕೈಗೆ ಬಂದ ಕೂಡಲೇ ನನ್ನ ಭಾಷಣ ತಾನಾಗಿ ಹೊರಟಿತು. ಮಕ್ಕಳಿಗೆ ಉತ್ತರ ಹೇಳಬೇಡಿ, ಅಳೆಯುವುದನ್ನು ಕಲಿಸಿ ಎಂದೆ. ಮಗು ನೆಲವನ್ನು ನೋಡಿ ಕಲಿಯಲಿ, ನಿಮ್ಮ ಮುಖ ನೋಡಿ ಅಲ್ಲ ಎಂದೆ. ಮೂಢನ ಕೈಗೆ ರಬ್ಬರು ಕೊಡಬಾರದು ಎಂದೂ ಹೇಳಿದೆ. ಅದು ಹೇಗೆ ಬಂತೋ ಕಾಣೆ. ನಮ್ಮ ಮನೆಯದು ಗಜಾಯವೆಂದು ಎದುರಿಗಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆದರೆ ಬಾಯಿ ಬಿಡಬೇಕಾದರೆ ಅವರವರ ಮನೆಯ ಆನೆಗಳನ್ನೂ ಹೊರಗೆ ಕರೆದು ನಿಲ್ಲಿಸಬೇಕಿತ್ತು. ಆದ್ದರಿಂದ ಎಲ್ಲರೂ ಸೇರಿ ಚಪ್ಪಾಳೆ ತಟ್ಟಿದರು. ಅಷ್ಟು ಜೋರಾದ ಚಪ್ಪಾಳೆ ನನಗೆ ಗ್ರಹಣದ ದಿನವೂ ಬಿದ್ದಿರಲಿಲ್ಲ. ಮಕ್ಕಳ ಸಾಲಿನಲ್ಲಿ ಕೂತಿದ್ದ ಅವನಿ ಮಾತ್ರ ಕೈಕಟ್ಟಿಕೊಂಡು ಬಹಳ ಗಮನವಿಟ್ಟು ಕೇಳುತ್ತಿದ್ದಳು.

ಮನೆಗೆ ಬಂದ ಮೇಲೆ ಗಿರಿಜಾ ಚಪ್ಪಲಿ ಬಿಡುತ್ತಾ ತೀರ್ಪು ಕೊಟ್ಟಳು. ‘ಟ್ಯೂಷನ್ ಬೇಡ. ಇವಳು ತಾನೇ ಮಾಡ್ಕೊಳ್ತಾಳೆ. ನೀವೂ ಬೇಡ.’ ಹುದ್ದೆ ಉಳಿಸಿಕೊಳ್ಳಲು ಇಷ್ಟೆಲ್ಲ ಮಾಡಿ, ಕೊನೆಗೆ ಒಂದೇ ಮಾತಿನಲ್ಲಿ ನಿವೃತ್ತನಾದೆ. ಬೇಸರವೂ ಆಯಿತು, ನೆಮ್ಮದಿಯೂ ಆಯಿತು. ಎರಡರಲ್ಲಿ ಯಾವುದು ಹೆಚ್ಚೆಂದು ಅಳೆದಿಲ್ಲ. ಕಿಟಕಿಯ ಕೆಳಗಿನ ಕುರ್ಚಿಯಲ್ಲಿ ಹೋಗಿ ಕೂತೆ. ಅವನಿ ಬಂದು ನನ್ನ ಕಾಲ ಬಳಿ ನೆಲದ ಮೇಲೆ ಕೂತು, ಹತ್ತನೆಯ ಸಾಲಿನ ಒಂದು ಟೈಲ್ಸನ್ನು ಬೆರಳಿನಿಂದ ಸುಮ್ಮನೆ ಸವರಿದಳು. ಇಷ್ಟು ದೊಡ್ಡ ಚಪ್ಪಾಳೆ ಗಿಟ್ಟಿಸಿಕೊಂಡು ಬಂದವನು ಸುಮ್ಮನಿರಲಾದೀತೇ? ‘ಹೇಗಿತ್ತು ಪುಟ್ಟಿ ನನ್ನ ಭಾಷಣ?’ ಎಂದು ಕೇಳಿದೆ.

‘ಚೆನ್ನಾಗಿತ್ತಪ್ಪ’ ಎಂದಳು. ಸ್ವಲ್ಪ ಯೋಚನೆ ಮಾಡಿದಳು. ‘ಒಂಬತ್ತರಿಂದ ಗುಣಿಸಿದ ಹಾಗಿತ್ತು.’

ಅವಳು ಎದ್ದು ಆಡಲು ಹೋದಳು. ನಾನು ಕೂತಲ್ಲೇ ಕಣ್ಣು ಮುಚ್ಚಿ ಆ ಭಾಷಣವನ್ನು ಎಂಟರಿಂದ ಭಾಗಿಸಿ ನೋಡಿದೆ. ಆರು ಉಳಿಯಿತು.